.32 ಪಿಸ್ತೂಲು ಕೈಕೊಟ್ಟಾಗ ಮೊದಲು ಮ್ಯಾಗಜೀನ್ ನೋಡಿ

ಬೆಂಗಳೂರಿನ ಯಾವ ಬಂದೂಕು ಅಂಗಡಿಯ ಕೌಂಟರಿನ ಮುಂದೆ ನಿಂತರೂ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ: "ಯಾವುದು ತಗೊಂಡ್ರೆ ಜಾಮ್ ಆಗಲ್ಲ ಸಾರ್?" ಕೇಳುವವರಿಗೆ ಒಂದು ಹೆಸರು ಬೇಕು. ಹೆಸರು ಹೇಳಿದರೆ ಸಿಗುವುದು ಅರ್ಧ ಉತ್ತರ ಮಾತ್ರ. ಲೈಸೆನ್ಸಿನ ಮೇಲೆ ನಮಗೆ ಸಿಗುವ .32 ಪಿಸ್ತೂಲುಗಳ ಬಗ್ಗೆ ಬರುವ ದೂರುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಹೆಚ್ಚಿನವು ಬಂದು ನಿಲ್ಲುವುದು ಮ್ಯಾಗಜೀನ್ (ಹಿಡಿಯೊಳಗೆ ಸೇರಿಸುವ ಗುಂಡಿನ ಡಬ್ಬಿ), ಕಾಟ್ರಿಜ್ (ಹಿತ್ತಾಳೆ ಕೇಸು, ಮದ್ದು, ಗುಂಡು ಸೇರಿದ ತೋಟಾ), ಎಕ್ಸ್‌ಟ್ರ್ಯಾಕ್ಟರ್ (ಕೇಸನ್ನು ಹೊರಗೆಳೆಯುವ ಕೊಕ್ಕೆ) ಈ ಮೂರರ ಬಳಿ. ಅದರಲ್ಲೂ ಮ್ಯಾಗಜೀನ್‌ಗೆ ಮೊದಲ ಸ್ಥಾನ. ಪಿಸ್ತೂಲನ್ನೇ ಬೈದು ಮಾರಿಬಿಡುವ ಮುನ್ನ ಈ ಮೂರನ್ನು ಕ್ರಮವಾಗಿ ತಪಾಸಣೆ ಮಾಡಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಾರುಕಟ್ಟೆಯ ಸ್ಥಿತಿ ಎಲ್ಲರಿಗೂ ಗೊತ್ತಿರುವುದೇ. 9 ಎಂಎಂ ನಮಗೆ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ವಿದೇಶಿ ಪಿಸ್ತೂಲನ್ನು ಸಾಮಾನ್ಯ ನಾಗರಿಕರು ತರಿಸಿಕೊಳ್ಳುವುದು 1980ರ ದಶಕದಲ್ಲೇ ನಿಂತುಹೋಯಿತು. ಹಾಗಾಗಿ ಆಗ ಬಂದಿದ್ದ ವಾಲ್ಥರ್ ಪಿಪಿ, ಪಿಪಿಕೆಗಳು ಕೈಯಿಂದ ಕೈಗೆ ಹೋಗುತ್ತ ಈಗ ಹಲವು ಲಕ್ಷಕ್ಕೆ ಬಿಕರಿಯಾಗುತ್ತಿವೆ. ಹೊಸದಾಗಿ ಕೊಳ್ಳುವವರಿಗೆ ಮಧ್ಯಮ ಬೆಲೆಯಲ್ಲಿ ಸಿಗುವವುಗಳಲ್ಲಿ ಒಂದು ಸರ್ಕಾರಿ ಕಾರ್ಖಾನೆಯ .32 ಪಿಸ್ತೂಲು, ಅಂದರೆ ಅಶನಿ. ಆರ್ಡ್‌ನನ್ಸ್ ಫ್ಯಾಕ್ಟರಿ ಬೋರ್ಡ್ 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆಯಿತು. ಬಂದೂಕು, ಪಿಸ್ತೂಲುಗಳು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾಕ್ಕೆ ಸೇರಿದವು, ಮದ್ದುಗುಂಡು ಮ್ಯುನಿಷನ್ಸ್ ಇಂಡಿಯಾಕ್ಕೆ ಹೋಯಿತು. ಪಿಸ್ತೂಲಿನ ದೂರು ಮತ್ತು ಗುಂಡಿನ ದೂರು ಈಗ ಎರಡು ಬೇರೆ ಕಂಪನಿಗಳ ಬಾಗಿಲಿಗೆ ಹೋಗಬೇಕು. ತಪ್ಪು ಯಾವುದರದ್ದು ಎಂದು ನಾವೇ ಮೊದಲು ಬೇರ್ಪಡಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಯೂಟ್ಯೂಬಿನಲ್ಲಿ ಅಮೆರಿಕದವರ ಪಿಸ್ತೂಲು ವಿಮರ್ಶೆ ನೋಡಿ ತೀರ್ಮಾನಕ್ಕೆ ಬರಬೇಡಿ. ಅವರು ಮಾತಾಡುವುದು ಬಹುಪಾಲು 9 ಎಂಎಂ ಬಗ್ಗೆ. ಅದರ ಕಾಟ್ರಿಜ್‌ನ ಆಕಾರ ಬೇರೆ, ಪಿಸ್ತೂಲಿನ ಕೆಲಸದ ರೀತಿಯೂ ಬೇರೆ. ಅಲ್ಲಿ ಗುಂಡು ಹಾರಿದಾಗ ಬ್ಯಾರೆಲ್ (ನಳಿಗೆ) ಮತ್ತು ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಭಾಗ) ಸ್ವಲ್ಪ ದೂರ ಕೊಂಡಿ ಹಾಕಿಕೊಂಡೇ ಹಿಂದೆ ಸರಿಯುತ್ತವೆ. ನಮ್ಮ .32ರಲ್ಲಿ ಕೊಂಡಿಯೇ ಇಲ್ಲ. ಸ್ಲೈಡಿನ ತೂಕ ಮತ್ತು ಅದನ್ನು ಮತ್ತೆ ಮುಂದೆ ತಳ್ಳುವ ರಿಕಾಯಿಲ್ ಸ್ಪ್ರಿಂಗಿನ ಒತ್ತಡ, ಇವೆರಡೇ ಹಿಂಬಾಗಿಲನ್ನು ಹಿಡಿದಿರುವುದು. ಖಾಲಿ ಕೇಸೇ ಹಿಂದಕ್ಕೆ ಒತ್ತಿ ಸ್ಲೈಡನ್ನು ತಳ್ಳುತ್ತದೆ. ಇದಕ್ಕೆ ಬ್ಲೋಬ್ಯಾಕ್ ಎನ್ನುತ್ತಾರೆ. ಭಾಗಗಳು ಕಡಿಮೆ, ಕೆಡುವುದೂ ಕಡಿಮೆ. ಆದರೆ ಸ್ಪ್ರಿಂಗ್ ಸೋತರೂ ಗುಂಡಿನ ಮದ್ದು ಸೋತರೂ ಪರಿಣಾಮ ತಕ್ಷಣ ಕಾಣುತ್ತದೆ, ನಡುವೆ ಸಂಭಾಳಿಸುವಂಥ ಬೇರೆ ಭಾಗವಿಲ್ಲ.

ಈಗ ಕಾಟ್ರಿಜ್. .32 ಎಸಿಪಿ, ಅಂದರೆ 7.65 ಎಂಎಂ, ಜಾನ್ ಬ್ರೌನಿಂಗ್ 1899ರ ಸುಮಾರಿಗೆ ರೂಪಿಸಿದ್ದು. ಒಂದನ್ನು ಬೆರಳ ತುದಿಯಲ್ಲಿ ಹಿಡಿದು ಬುಡವನ್ನು ಉಗುರಿನಿಂದ ಸವರಿ ನೋಡಿ. ಅಂಚು ಕೇಸಿನ ಮೈಗಿಂತ ಸ್ವಲ್ಪವೇ ಹೊರಗೆ ಚಾಚಿರುತ್ತದೆ. ಕೇಸಿನ ಬುಡದ ವ್ಯಾಸ ಸುಮಾರು 8.5 ಮಿಲಿಮೀಟರ್, ಅಂಚಿನದು ಸುಮಾರು 9.1. ಒಂದೊಂದು ಬದಿಗೆ ಕಾಲು ಮಿಲಿಮೀಟರ್ ಚಿಲ್ಲರೆ. ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯ ಗೂಡಿನಲ್ಲಿ, ಕಾಟ್ರಿಜ್ ಎಷ್ಟು ಒಳಗೆ ಹೋಗಿ ನಿಲ್ಲಬೇಕೆಂದು ನಿರ್ಧರಿಸುವುದು ಈ ಅಂಚೇ. ಮ್ಯಾಗಜೀನಿನಲ್ಲಿ ತೊಂದರೆ ಕೊಡುವುದೂ ಇದೇ.

ತೊಂದರೆ ಹೀಗೆ ಹುಟ್ಟುತ್ತದೆ. ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಕೂತಾಗ ಮೇಲಿನ ಕಾಟ್ರಿಜ್‌ನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಾಗಿದ್ದರೆ ಸ್ಲೈಡ್ ತಳ್ಳಿದಾಗ ಮೇಲಿನದು ಸಲೀಸಾಗಿ ಮುಂದೆ ಜಾರುತ್ತದೆ. ಮೇಲಿನದು ಹಿಂದೆ ಸರಿದು ಅದರ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತುಬಿಟ್ಟರೆ ಮುಂದೆ ಹೋಗಲು ದಾರಿಯೇ ಇಲ್ಲ, ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇದಕ್ಕೆ ರಿಮ್ ಲಾಕ್ ಎಂದು ಹೆಸರು. ಇದನ್ನು ಸ್ಲೈಡ್ ಎಳೆದು ಬಿಟ್ಟು ಸರಿಮಾಡಲು ಆಗುವುದಿಲ್ಲ, ಎಳೆದಷ್ಟೂ ಗಟ್ಟಿಯಾಗುತ್ತದೆ. ಮ್ಯಾಗಜೀನ್ ಹೊರಗೆ ತೆಗೆಯಿರಿ. ಎರಡನೆಯ ಕಾಟ್ರಿಜ್‌ನ ಹಿಂಬದಿಯನ್ನು ಮರದ ಕಡ್ಡಿಯಿಂದ ಕೆಳಗೆ ಒತ್ತಿ ಹಿಡಿದು, ಮೇಲಿನದನ್ನು ಮುಂದೆ ಜಾರಿಸಿ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಪ್ರೈಮರಿಗೆ (ಕೇಸಿನ ಬುಡದಲ್ಲಿರುವ, ಮದ್ದು ಹೊತ್ತಿಸುವ ಕಿಡಿ ಬಟ್ಟಲಿಗೆ) ತಗುಲುವ ಅಪಾಯ ಒಂದು ಕಡೆ, ಮ್ಯಾಗಜೀನಿನ ತುಟಿ (ಕಾಟ್ರಿಜ್ ಹಿಡಿದಿಡುವ ಬಾಯಂಚು) ಬಾಗುವುದು ಇನ್ನೊಂದು ಕಡೆ.

ರಿಮ್ ಲಾಕ್ ಆಗಲು ಕಾಟ್ರಿಜ್‌ಗೆ ಮ್ಯಾಗಜೀನಿನೊಳಗೆ ಹಿಂದೆ ಮುಂದೆ ಓಡಾಡಲು ಜಾಗ ಬೇಕು. ಈ ಕಾಟ್ರಿಜ್‌ನ ಪೂರ್ತಿ ಉದ್ದ ಹೆಚ್ಚೆಂದರೆ 25 ಮಿಲಿಮೀಟರ್. ಮ್ಯಾಗಜೀನ್ ರೂಪಿಸಿರುವುದು ಆ ಉದ್ದದ, ದುಂಡು ಮೂತಿಯ, 71 ಗ್ರೇನ್ ತೂಕದ ತಾಮ್ರಕವಚದ ಗುಂಡಿಗೆ. ಉದ್ದ ಕಡಿಮೆಯಾದಷ್ಟೂ ಆಟ ಹೆಚ್ಚು. ಹಾಲೋ ಪಾಯಿಂಟ್, ಅಂದರೆ ತುದಿಯಲ್ಲಿ ಕುಳಿ ಇರುವ ಗುಂಡು, ಮೊಂಡಾಗಿ ಗಿಡ್ಡವಾಗಿರುವುದರಿಂದ ಈ ಬೋರಿನಲ್ಲಿ ಅದಕ್ಕೆ ಕೆಟ್ಟ ಹೆಸರು. ನನ್ನ ಮಟ್ಟಿಗೆ .32 ಪಿಸ್ತೂಲಿಗೆ ಪೂರ್ತಿ ಉದ್ದದ ದುಂಡು ಮೂತಿಯ ಗುಂಡೇ ಸರಿ, ಇದರಲ್ಲಿ ಎರಡು ಮಾತಿಲ್ಲ. ತುಂಬುವಾಗ ಪ್ರತಿ ಕಾಟ್ರಿಜ್ಜನ್ನೂ ಕೆಳಗಿನದರ ಮೇಲೆ ಅಡ್ಡಲಾಗಿ ಒತ್ತಿ, ಅದರ ಅಂಚಿನ ಮುಂದೆಯೇ ಕೂರುವಂತೆ ತುಟಿಯ ಕೆಳಗೆ ಜಾರಿಸಿ. ಆಮೇಲೆ ಬದಿಯ ರಂಧ್ರಗಳಿಂದ ಒಳಗೆ ನೋಡಿ. ಅಂಚುಗಳು ಕೆಳಗಿನಿಂದ ಮೇಲಕ್ಕೆ ಒಂದೇ ಸಮನೆ ಮೆಟ್ಟಿಲಾಗಿ ಕಾಣಬೇಕು.

ಕೊಳ್ಳುವಾಗ ಇನ್ನೊಂದು ಎಚ್ಚರ. ಬಿಲ್ಲಿನಲ್ಲಿ ಬರೀ ".32" ಎಂದು ಬರೆದಿದ್ದರೆ ಸಾಲದು. ನಮ್ಮ ರಿವಾಲ್ವರ್‌ಗಳಿಗೆ ಬಳಸುವ .32 ಸ್ಮಿತ್ ಅಂಡ್ ವೆಸನ್ ಲಾಂಗ್ ಬೇರೆಯೇ ಕಾಟ್ರಿಜ್. ಅದರ ಕೇಸು 23 ಮಿಲಿಮೀಟರ್ ದಾಟುತ್ತದೆ, ಪಿಸ್ತೂಲಿನದು 17 ಚಿಲ್ಲರೆ. ಪೆಟ್ಟಿಗೆ ತೆರೆದು ನೋಡಿಯೇ ಹಣ ಕೊಡಿ. ಕೇಸಿನ ಬುಡದಲ್ಲಿ ಒತ್ತಿರುವ ಅಕ್ಷರ ಮತ್ತು ವರ್ಷವನ್ನು ಬರೆದಿಟ್ಟುಕೊಳ್ಳಿ. ಕೆಎಫ್ ಎಂದಿದ್ದರೆ ಪುಣೆಯ ಖಡ್ಕಿ ಕಾರ್ಖಾನೆಯದು. ಲೈಸೆನ್ಸಿನಲ್ಲಿ ಬರೆದಷ್ಟೇ ಗುಂಡು ಸಿಗುವುದರಿಂದ ನಮ್ಮಲ್ಲಿ ಅನೇಕರ ಬಳಿ ಎರಡು ಮೂರು ವರ್ಷದ ಲಾಟುಗಳು ಬೆರೆತು ಕೂತಿರುತ್ತವೆ. ಬೆರೆಸಬೇಡಿ. ಒಂದು ಮ್ಯಾಗಜೀನಿಗೆ ಒಂದೇ ಲಾಟು ಹಾಕಿ. ಇಲ್ಲವಾದರೆ ತಪ್ಪು ಯಾವುದರದ್ದೆಂದು ಪತ್ತೆಯೇ ಆಗುವುದಿಲ್ಲ.

ಮ್ಯಾಗಜೀನ್ ಎಂಬುದು ನಾಲ್ಕೇ ಭಾಗ: ತಗಡಿನ ಕೊಳವೆ, ಸ್ಪ್ರಿಂಗ್, ಅದರ ಮೇಲೆ ಕೂತು ಕಾಟ್ರಿಜ್ಜನ್ನು ಮೇಲೆತ್ತುವ ಫಾಲೋವರ್, ಕೆಳಗಿನ ತಟ್ಟೆ. ಕೆಡುವುದು ಹೆಚ್ಚಾಗಿ ಮೇಲಿನ ಎರಡು ತುಟಿಗಳು. ಗ್ರಾನೈಟ್ ನೆಲದ ಮೇಲೆ ಒಮ್ಮೆ ಬಾಯಿ ಕೆಳಗಾಗಿ ಬಿದ್ದರೆ ಸಾಕು, ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ತುಟಿ ಅಗಲವಾದರೆ ಕಾಟ್ರಿಜ್ ಬೇಗ ಹೊರಬಿದ್ದು ಮೂತಿ ಮೇಲಕ್ಕೆ ಎದ್ದು ಚೇಂಬರಿನ ಮೇಲಂಚಿಗೆ ಬಡಿಯುತ್ತದೆ. ಬಿಗಿಯಾದರೆ ಬಿಡುವುದು ತಡವಾಗಿ ಮೂತಿ ಕೆಳಗೆ ಇಳಿದು ಚೇಂಬರಿನ ಬಾಯಿಗೆ ಹತ್ತಿಸುವ ಇಳಿಜಾರಿಗೆ ಗುದ್ದಿಕೊಳ್ಳುತ್ತದೆ. ಆದ್ದರಿಂದ ಪಿಸ್ತೂಲು ಹೊಸದಾಗಿದ್ದು ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ವರ್ನಿಯರ್ ಕ್ಯಾಲಿಪರಿನಿಂದ ತುಟಿಗಳ ನಡುವಿನ ಅಂತರವನ್ನು ಹಿಂದೆ, ಮಧ್ಯೆ, ಮುಂದೆ ಹೀಗೆ ಮೂರು ಕಡೆ ಅಳೆದು ಬರೆದಿಡಿ. ಎಸ್‌ಪಿ ರಸ್ತೆಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಕ್ಯಾಲಿಪರ್ ಈ ಕೆಲಸಕ್ಕೆ ಸಾಕು. ತೊಂದರೆ ಬಂದಾಗ ಹೋಲಿಸಲು ಆ ಅಳತೆ ಬಿಟ್ಟರೆ ನಿಮ್ಮ ಬಳಿ ಬೇರೇನೂ ಇರುವುದಿಲ್ಲ. ಎಲ್ಲ ಮ್ಯಾಗಜೀನುಗಳಿಗೂ ತಟ್ಟೆಯ ಮೇಲೆ ಪೇಂಟ್ ಪೆನ್ನಿನಿಂದ ಒಂದು ಚುಕ್ಕೆ, ಎರಡು ಚುಕ್ಕೆ ಎಂದು ಗುರುತು ಹಾಕಿ.

ತುಂಬಿಟ್ಟರೆ ಸ್ಪ್ರಿಂಗ್ ಸೋಲುತ್ತದೆ ಎಂಬ ಭಯ ಬಹಳ ಜನಕ್ಕೆ. ಒಳ್ಳೆಯ ಉಕ್ಕಿನ ಸ್ಪ್ರಿಂಗನ್ನು ಸವೆಸುವುದು ಮುಖ್ಯವಾಗಿ ಮತ್ತೆ ಮತ್ತೆ ಒತ್ತಿ ಬಿಡುವುದು, ಮತ್ತು ಅದರ ಮಿತಿ ಮೀರಿ ಒತ್ತುವುದು. ಹೊಸ ಮ್ಯಾಗಜೀನಿನಲ್ಲಿ ಕೊನೆಯ ಕಾಟ್ರಿಜ್ ಹೆಬ್ಬೆರಳು ನೋಯುವಷ್ಟು ಬಿಗಿಯಾಗಿ ಕೂರುತ್ತಿದ್ದರೆ ಒಂದು ಕಡಿಮೆ ತುಂಬಿ. ಒಳಗೆ ಎಣ್ಣೆ ಹಾಕಬೇಡಿ, ಬಟ್ಟೆಯಿಂದ ಒಣಗಿಸಿ ಒರೆಸಿದರೆ ಸಾಕು. ಎಣ್ಣೆಗೆ ಬಟ್ಟೆಯ ನಾರು, ಜೇಬಿನ ಧೂಳು ಅಂಟಿ ಫಾಲೋವರ್ ಓರೆಯಾಗಿ ಏರುತ್ತದೆ, ಜೊತೆಗೆ ಎಣ್ಣೆ ಪ್ರೈಮರಿಗೂ ಇಳಿಯುತ್ತದೆ.

ಪಿಸ್ತೂಲನ್ನು ಪರೀಕ್ಷೆ ಮಾಡುವುದು ಹೇಗೆ? ವಿದೇಶದಲ್ಲಿ ಇನ್ನೂರು, ಐನೂರು ಗುಂಡು ಹಾರಿಸಿ ನೋಡಿ ಎನ್ನುತ್ತಾರೆ. ನಮ್ಮ ಕೋಟಾದಲ್ಲಿ ಅದು ಆಗದ ಮಾತು. 50 ಗುಂಡಿನಿಂದಲೂ ಬಹಳಷ್ಟು ತಿಳಿಯಬಹುದು, ಬರೆದುಕೊಳ್ಳುವ ಶ್ರದ್ಧೆ ಬೇಕು ಅಷ್ಟೆ. ಏಳು ಗುಂಡಿನ ಎರಡು ಮ್ಯಾಗಜೀನ್ ಇದ್ದರೆ ಒಂದೊಂದನ್ನೂ ಮೂರು ಸಲ ಪೂರ್ತಿ ತುಂಬಿ ಹಾರಿಸಿ, ಅಲ್ಲಿಗೆ 42. ಉಳಿದ ಎಂಟರಲ್ಲಿ ನಾಲ್ಕನ್ನು ಬಲಗೈ ಒಂದರಲ್ಲೇ, ನಾಲ್ಕನ್ನು ಎಡಗೈ ಒಂದರಲ್ಲೇ. ಜಾಮ್ ಆದಾಗ ಗಾಬರಿಯಿಂದ ಸ್ಲೈಡ್ ಎಳೆಯುವ ಮೊದಲು ಬೆರಳನ್ನು ಟ್ರಿಗರ್‌ನಿಂದ ತೆಗೆದು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಸ್ಲೈಡಿನ ಬಾಯಲ್ಲಿ ಏನು ಸಿಕ್ಕಿದೆ ಎಂದು ಕಣ್ಣಿಟ್ಟು ನೋಡಿ. ಮ್ಯಾಗಜೀನಿನ ಚುಕ್ಕೆ, ಎಷ್ಟನೆಯ ಗುಂಡು, ಯಾವ ಲಾಟು, ಏನು ಕಂಡಿತು, ಈ ನಾಲ್ಕನ್ನು ಬರೆಯಿರಿ.

ಎಷ್ಟನೆಯ ಗುಂಡು ಎಂಬುದೇ ಅರ್ಧ ರೋಗ ಹೇಳಿಬಿಡುತ್ತದೆ. ಪೂರ್ತಿ ತುಂಬಿದ ಮ್ಯಾಗಜೀನಿನ ಮೊದಲ ಗುಂಡು ಚೇಂಬರಿಗೆ ಹತ್ತಲು ತಿಣುಕಿದರೆ ಸ್ಪ್ರಿಂಗ್ ಮೇಲಕ್ಕೆ ಒತ್ತುವ ಬಿಗಿ ಜಾಸ್ತಿ, ಅಥವಾ ಮ್ಯಾಗಜೀನ್ ಪೂರ್ತಿ ಕೂತಿಲ್ಲ. ಕೊನೆಯ ಒಂದೆರಡು ಗುಂಡಿನಲ್ಲೇ ಪದೇ ಪದೇ ಮೂತಿ ಕೆಳಗಾದರೆ ಸ್ಪ್ರಿಂಗ್ ಸೋತಿದೆ. ಮಧ್ಯದಲ್ಲಿ ಎಲ್ಲೋ ಸ್ಲೈಡ್ ನಿಂತು, ಮೇಲಿನ ಕಾಟ್ರಿಜ್ ಒಂದಿಷ್ಟೂ ಮುಂದೆ ಹೋಗದಿದ್ದರೆ ರಿಮ್ ಲಾಕ್ ಅನುಮಾನಿಸಿ. ತೊಂದರೆ ಒಂದೇ ಚುಕ್ಕೆಯ ಮ್ಯಾಗಜೀನನ್ನು ಹಿಂಬಾಲಿಸಿದರೆ ಆ ಮ್ಯಾಗಜೀನನ್ನು ಪಕ್ಕಕ್ಕಿಡಿ. ಎರಡರಲ್ಲೂ ಬಂದರೆ ಲಾಟು ಬದಲಿಸಿ ನೋಡಿ. ಲಾಟು ಬದಲಿಸಿದರೂ ಬಂದರೆ ಆಗ ಪಿಸ್ತೂಲಿನ ಸರದಿ.

50 ಗುಂಡಿನಲ್ಲಿ ಒಂದೂ ತಪ್ಪಲಿಲ್ಲ ಎಂದರೆ ಪಿಸ್ತೂಲು ಪರಿಪೂರ್ಣ ಎಂದಲ್ಲ. ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಲೆಕ್ಕವಿದೆ: ತಪ್ಪೇ ಕಾಣದಿದ್ದಾಗ 3ನ್ನು ಪರೀಕ್ಷೆಯ ಸಂಖ್ಯೆಯಿಂದ ಭಾಗಿಸಿ. 50ಕ್ಕೆ ಅದು ಶೇಕಡಾ 6. ಅಂದರೆ ಕೈಕೊಡುವ ಪ್ರಮಾಣ ಶೇಕಡಾ 6ಕ್ಕಿಂತ ಹೆಚ್ಚಿಲ್ಲ ಎಂದು ಶೇಕಡಾ 95ರ ಭರವಸೆಯಿಂದ ಹೇಳಬಹುದು, ಅದಕ್ಕಿಂತ ಮುಂದೆ ಹೋಗುವಂತಿಲ್ಲ. ಶೇಕಡಾ 1ಕ್ಕೆ ಇಳಿಸಬೇಕಾದರೆ 300 ಗುಂಡು ಸತತವಾಗಿ ತಪ್ಪದೆ ಹಾರಬೇಕು. ವರ್ಷ ವರ್ಷದ ರೇಂಜ್ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತ ಹೋಗಿ ಎನ್ನುವುದು ಇದಕ್ಕೇ. "ನಂದು ಒಂದ್ಸಲಾನೂ ಜಾಮ್ ಆಗಿಲ್ಲ" ಎನ್ನುವವರನ್ನು ಎಷ್ಟು ಗುಂಡು ಹಾರಿಸಿದ್ದೀರಿ ಎಂದು ಕೇಳಿ ನೋಡಿ, ಎಷ್ಟೋ ಸಲ ಉತ್ತರ ಇಪ್ಪತ್ತು ಮೂವತ್ತರ ಒಳಗಿರುತ್ತದೆ.

ಹಿಡಿತದ ಬಗ್ಗೆ ಎರಡು ಮಾತು. ಖಾಲಿ ಕೇಸು ಹೊರಬೀಳದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತುಬಿಟ್ಟರೆ ಮೊದಲು ಮಣಿಕಟ್ಟು ನೋಡಿಕೊಳ್ಳಿ. ಮಣಿಕಟ್ಟು ಸಡಿಲವಾಗಿದ್ದರೆ ಪಿಸ್ತೂಲು ಇಡೀ ಹಿಂದೆ ಹೋಗುತ್ತದೆ, ಸ್ಲೈಡಿಗೆ ಪೂರ್ತಿ ಓಡಲು ಆಸರೆ ಸಿಗುವುದಿಲ್ಲ. ಅದೇ ಪಿಸ್ತೂಲು, ಅದೇ ಮ್ಯಾಗಜೀನ್, ಬೇರೆಯವರ ಕೈಯಲ್ಲಿ ಸರಿಯಾಗಿ ಕೆಲಸ ಮಾಡಿದರೆ ಉತ್ತರ ಸಿಕ್ಕಿತು. ಅವರಿಗೂ ಹಾಗೇ ಆದರೆ ಸ್ಲೈಡಿನ ಹಳಿ ಒಣಗಿರಬಹುದು ಅಥವಾ ಆ ಲಾಟಿನ ಮದ್ದಿಗೆ ಬಲ ಸಾಲದಿರಬಹುದು.

ಎಕ್ಸ್‌ಟ್ರ್ಯಾಕ್ಟರ್ ವಿಷಯಕ್ಕೆ ಬರೋಣ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬ್ಲೋಬ್ಯಾಕ್ ಪಿಸ್ತೂಲಿನಲ್ಲಿ ಹಾರಿದ ಕೇಸು ತನ್ನ ಒತ್ತಡದಿಂದಲೇ ಹಿಂದೆ ಬರುತ್ತದೆ, ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ ಸವೆದಿದ್ದರೂ ರೇಂಜಿನಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು. ಕೊಕ್ಕೆಯ ನಿಜವಾದ ಕೆಲಸ ಇರುವುದು ಹಾರಿಸದ ಗುಂಡನ್ನು ಹೊರತೆಗೆಯುವಾಗ. ಮನೆಗೆ ಬಂದು ಮ್ಯಾಗಜೀನ್ ತೆಗೆದು ಸ್ಲೈಡ್ ಎಳೆಯುತ್ತೀರಿ, ಕೊಕ್ಕೆ ಜಾರುತ್ತದೆ, ಜೀವಂತ ಗುಂಡು ಚೇಂಬರಿನಲ್ಲೇ ಉಳಿಯುತ್ತದೆ. ಏನೂ ಹೊರಬೀಳಲಿಲ್ಲವಲ್ಲ, ಖಾಲಿ ಇದೆ ಎಂದು ಭಾವಿಸಿದರೆ ಮುಂದಿನದು ಊಹಿಸಿಕೊಳ್ಳಿ. ಆದ್ದರಿಂದ ಸ್ಲೈಡ್ ಹಿಂದೆ ಹಿಡಿದು ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನ ತುದಿಯಿಂದ ಮುಟ್ಟಿ. ಎರಡೂ ಮಾಡಿ, ಪ್ರತಿ ಸಲವೂ ಮಾಡಿ.

ಕೊಕ್ಕೆಯ ಪರೀಕ್ಷೆಗೆ ಸ್ನ್ಯಾಪ್ ಕ್ಯಾಪ್ ಎಂಬ ಡಮ್ಮಿ ಕಾಟ್ರಿಜ್ ಬೇಕು. ನಿಜವಾದ ಗುಂಡುಗಳನ್ನು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ಡಮ್ಮಿಯನ್ನು ಮ್ಯಾಗಜೀನಿನಿಂದ ಚೇಂಬರಿಗೆ ಹತ್ತಿಸಿ, ಮ್ಯಾಗಜೀನ್ ತೆಗೆದು, ಸ್ಲೈಡನ್ನು ನಿಧಾನವಾಗಿ ಎಳೆಯಿರಿ. ಡಮ್ಮಿ ಸ್ಲೈಡಿನ ಮುಖಕ್ಕೆ ಅಂಟಿಕೊಂಡೇ ಹಿಂದೆ ಬಂದು, ಹೊರಗೆ ತಳ್ಳುವ ಎಜೆಕ್ಟರ್ ತಾಗಿದಾಗ ಮಾತ್ರ ಹೊರಗೆ ಹಾರಬೇಕು. ಹತ್ತು ಸಲ ಎಳೆದರೆ ಹತ್ತೂ ಸಲ ಹಾಗೇ ಆಗಬೇಕು. ನಡುವೆ ಕಳಚಿ ಮ್ಯಾಗಜೀನಿನ ಗೂಡಿನಿಂದ ಕೆಳಗೆ ಬಿದ್ದರೆ ಕೊಕ್ಕೆ ಸರಿಯಾಗಿ ಹಿಡಿಯುತ್ತಿಲ್ಲ. ಹಾಗಂತ ಕೊಕ್ಕೆ ಮುರಿದಿದೆ ಎಂದು ಹೆದರಬೇಡಿ. ಎಷ್ಟೋ ಸಲ ಅದರ ಕೆಳಗೆ ಹಿತ್ತಾಳೆ ಪುಡಿ, ಸುಟ್ಟ ಮದ್ದಿನ ಮಸಿ, ಹಳೆಯ ಎಣ್ಣೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಹಲ್ಲುಕಡ್ಡಿ ಮತ್ತು ಸಾಲ್ವೆಂಟ್‌ನಿಂದ ಕೆರೆದು ತೆಗೆದು ಮತ್ತೆ ಪರೀಕ್ಷಿಸಿ.

ಟ್ರಿಗರ್ ಒತ್ತಿದಾಗ ಬರೀ ಟಕ್ ಎಂದು ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಆಮೇಲೆ ಹೊರತೆಗೆದು ಪ್ರೈಮರಿನ ಮೇಲಿನ ಗುಳಿ ನೋಡಿ. ಗುಳಿ ಆಳವಾಗಿ ಮಧ್ಯದಲ್ಲೇ ಇದ್ದರೆ ತಪ್ಪು ಕಾಟ್ರಿಜ್‌ನದು. ಗುಳಿ ತೆಳ್ಳಗಿದ್ದರೆ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನಿನ ದಾರಿಯಲ್ಲಿ ಎಣ್ಣೆ ಗಟ್ಟಿಯಾಗಿರಬಹುದು, ಸ್ಪ್ರಿಂಗ್ ಸೋತಿರಬಹುದು, ಅಥವಾ ಸ್ಲೈಡ್ ಕೂದಲೆಳೆಯಷ್ಟು ಹಿಂದೆಯೇ ನಿಂತಿರಬಹುದು. ಫೈರಿಂಗ್ ಪಿನ್ನಿನ ದಾರಿ ಒಣಗಿರಬೇಕು, ಅಲ್ಲಿಗೆ ಎಣ್ಣೆ ಬಿಡುವುದು ಪ್ರೀತಿಯಿಂದ ಮಾಡುವ ತಪ್ಪು. ಇನ್ನೊಂದು ಸ್ಥಿತಿ ಇದಕ್ಕಿಂತ ಗಂಭೀರ: ಸದ್ದು ಎಂದಿಗಿಂತ ಪೇಲವವಾಗಿ ಬಂತು, ಕೈಗೆ ಒದೆತ ಬರಲಿಲ್ಲ. ಆಗ ಇನ್ನೊಂದು ಗುಂಡು ಹಾರಿಸಲೇಬೇಡಿ. ಹಿಂದಿನ ಗುಂಡು ಬ್ಯಾರೆಲಿನಲ್ಲೇ ಸಿಕ್ಕಿಕೊಂಡಿರಬಹುದು. ಖಾಲಿ ಮಾಡಿ, ಬಿಚ್ಚಿ, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ಒಂದೇ ಟ್ರಿಗರ್‌ಗೆ ಎರಡು ಗುಂಡು ಹಾರಿದರೂ ಅಷ್ಟೇ, ಅಲ್ಲಿಗೇ ನಿಲ್ಲಿಸಿ ರಿಪೇರಿಗೆ ಕೊಡಿ.

ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ಅದೇ ಗುಂಡನ್ನು ಚೇಂಬರಿಗೆ ಹತ್ತಿಸುವ ಅಭ್ಯಾಸ ಇರುವವರು ಇದನ್ನು ಓದಿ. ಪ್ರತಿ ಸಲ ಮೂತಿ ಇಳಿಜಾರಿಗೆ ಬಡಿದಾಗ ಗುಂಡು ಕೇಸಿನೊಳಗೆ ಸ್ವಲ್ಪ ಸ್ವಲ್ಪವೇ ಹೂತುಹೋಗುತ್ತದೆ. ಉದ್ದ ಕಡಿಮೆಯಾದಂತೆ ಒಳಗಿನ ಒತ್ತಡ ಏರುತ್ತದೆ, ರಿಮ್ ಲಾಕಿಗೂ ದಾರಿಯಾಗುತ್ತದೆ. ಪೆಟ್ಟಿಗೆಯಿಂದ ತೆಗೆದ ಹೊಸ ಕಾಟ್ರಿಜ್ ಪಕ್ಕದಲ್ಲಿಟ್ಟು ಕ್ಯಾಲಿಪರ್ ಹಿಡಿಯಿರಿ. ಕಣ್ಣಿಗೇ ವ್ಯತ್ಯಾಸ ಕಾಣುವಂತಿದ್ದರೆ ಅದನ್ನು ಬೇರೆ ಎತ್ತಿಟ್ಟು ಡೀಲರಿಗೆ ತೋರಿಸಿ.

ಇನ್ನು ನಮ್ಮ ಹವೆ. ಮಂಗಳೂರಿನ ಉಪ್ಪುಗಾಳಿ ಇಲ್ಲಿಲ್ಲ, ಅದೇ ಧೈರ್ಯದಲ್ಲಿ ಬೆಂಗಳೂರಿನವರು ಸೋಮಾರಿಗಳಾಗುತ್ತಾರೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮುಚ್ಚಿದ ಬೀರುವಿನೊಳಗೆ ತೇವ ಸಾಕಷ್ಟು ಇರುತ್ತದೆ. ಚರ್ಮದ ಹೋಲ್ಸ್‌ಟರ್‌ನಲ್ಲಿಟ್ಟು ಬೀರುವಿಗೆ ಸೇರಿಸಿದರೆ ಚರ್ಮ ಆ ತೇವವನ್ನು ಹೀರಿ ಉಕ್ಕಿಗೆ ತಾಗಿಸಿಟ್ಟಿರುತ್ತದೆ. ಚರ್ಮ ಹದಮಾಡಿದ ಆಮ್ಲಗಳಿಂದ ಹಿತ್ತಾಳೆ ಕೇಸಿನ ಮೇಲೆ ಹಸಿರು ಕಿಲುಬು ಏಳುತ್ತದೆ, ಕಿಲುಬು ಹಿಡಿದ ಕಾಟ್ರಿಜ್ ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೋಲ್ಸ್‌ಟರ್ ಹೊತ್ತುಕೊಂಡು ಹೋಗುವುದಕ್ಕೆ, ಇಡುವುದಕ್ಕಲ್ಲ. ಗಾಳಿಯಾಡದ ಡಬ್ಬಿಯಲ್ಲಿ 50 ಗ್ರಾಂನ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಹರಳಿನ ಬಣ್ಣ ತಿರುಗಿದಾಗ ಬದಲಿಸಿ.

ಎಣ್ಣೆ ವಿಷಯದಲ್ಲಿ ಕೊಬ್ಬರಿ ಎಣ್ಣೆ ಬೇಡವೇ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹಳಿಗೆ ನಡೆಯುತ್ತದೆ, ಆದರೆ ತೆಳು, ತುಕ್ಕಿನಿಂದ ಬಹಳ ದಿನ ಕಾಯುವುದಿಲ್ಲ. ಡಬ್ಲ್ಯೂಡಿ 40 ತೇವ ಓಡಿಸಲು ಸರಿ, ಅದನ್ನೇ ಎಣ್ಣೆ ಎಂದುಕೊಳ್ಳಬೇಡಿ. ಬಂದೂಕಿನ ಎಣ್ಣೆಯೇ ಸಿಕ್ಕರೆ ಒಳ್ಳೆಯದು. ಸ್ಲೈಡಿನ ಎರಡು ಹಳಿಗೆ ಒಂದೊಂದು ಹನಿ, ಬ್ಯಾರೆಲಿನ ಹೊರಮೈಗೆ ಸವರಿದಷ್ಟು. ಹಳೆಯ ಹತ್ತಿ ಬನಿಯನ್ನಿನ ತುಂಡು ಒರೆಸಲು ಅಂಗಡಿಯ ಯಾವ ಬಟ್ಟೆಗೂ ಕಡಿಮೆಯಿಲ್ಲ. ವಾಲ್ಥರ್ ಪಿಪಿ ಬಗೆಯವುಗಳಲ್ಲಿ ಟ್ರಿಗರ್ ಗಾರ್ಡ್ ಕೆಳಗೆ ಎಳೆದು ಸ್ಲೈಡನ್ನು ಹಿಂದೆ ತಂದು ಎತ್ತಿದರೆ ಕಳಚುತ್ತದೆ. ಬ್ಯಾರೆಲ್ ಫ್ರೇಮಿಗೇ ಅಂಟಿರುವುದರಿಂದ ಶುಚಿ ಮಾಡುವ ಕಡ್ಡಿಯನ್ನು ನಳಿಗೆಯ ಮೂತಿಯ ಕಡೆಯಿಂದಲೇ ಹಾಕಬೇಕು, ಮೂತಿಯ ಅಂಚಿಗೆ ಉಜ್ಜದಂತೆ. ಬ್ರೌನಿಂಗ್ 1910 ಬಗೆಯವುಗಳಲ್ಲಿ ಮುಂದಿನ ಬುಷಿಂಗ್ (ನಳಿಗೆಯ ಬಾಯಿ ಸುತ್ತಲಿನ ಬಳೆ) ತಿರುಗಿಸಿದಾಗ ಸ್ಪ್ರಿಂಗ್ ರಭಸದಿಂದ ಹಾರುತ್ತದೆ, ಹೆಬ್ಬೆರಳಿನಿಂದ ಒತ್ತಿ ಹಿಡಿದಿರಿ, ಕಣ್ಣಿಗೆ ಕನ್ನಡಕವಿರಲಿ.

ಆಯುಧ ಪೂಜೆಗೆ ಪಿಸ್ತೂಲನ್ನು ಇಡದ ಲೈಸೆನ್ಸುದಾರರು ನಮ್ಮಲ್ಲಿ ವಿರಳ. ಇಡಬೇಕಾದದ್ದೇ. ಪೂರ್ತಿ ಖಾಲಿ ಮಾಡಿ, ಚೇಂಬರ್ ನೋಡಿ, ಸ್ಲೈಡ್ ಮುಚ್ಚಿ, ಮ್ಯಾಗಜೀನನ್ನು ಪಕ್ಕದಲ್ಲಿ ಬಟ್ಟೆಯ ಮೇಲಿಡಿ. ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲಸಿ ಉಕ್ಕಿಗೆ ಹಚ್ಚುವ ಬದಲು ಹಿಡಿಯ ಮೇಲೆ ಒಣ ಬೊಟ್ಟು ಇಟ್ಟರೆ ಸಾಕು. ಹೂವಿನ ತೇವ, ಅಭಿಷೇಕದ ಹನಿ, ಕುಂಕುಮದ ನುಣುಪು ಪುಡಿ ಸ್ಲೈಡಿನ ಸಂದಿಗೆ ಇಳಿದು ಎಣ್ಣೆಯೊಂದಿಗೆ ಸೇರಿದರೆ ಉಜ್ಜುವ ಪೇಸ್ಟಾಗುತ್ತದೆ. ಕೊಡಗಿನವರು ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಸಿಗಿಸುತ್ತಾರೆ, ಎಷ್ಟು ಚೆಂದದ ಆಚಾರ ಅದು! ಅಲ್ಲೂ ನಳಿಗೆಯ ಬಾಯಿಂದ ಹೂ ತೆಗೆದು ಒರೆಸಿಯೇ ಒಳಗಿಡುವುದು. ನವಮಿಯ ಸಂಜೆಯೇ ಬಿಚ್ಚಿ ಒರೆಸಿ ಎಣ್ಣೆ ಸವರಿ, ವಿಜಯದಶಮಿಗೆ ಕಾಯಬೇಡಿ.

ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ವಿಷಯ ಇನ್ನೂ ಮುಖ್ಯ. ನೀತಿಸಂಹಿತೆ ಮುಗಿಯುವವರೆಗೆ, ಅಂದರೆ ಹಲವು ವಾರ, ನಿಮ್ಮ ಪಿಸ್ತೂಲು ಬೇರೊಂದು ಕೋಣೆಯಲ್ಲಿ ಕೂತಿರುತ್ತದೆ. 2023ರ ಮೇ ತಿಂಗಳಲ್ಲಿ ವಿಧಾನಸಭೆ, 2024ರ ಏಪ್ರಿಲ್ ಮತ್ತು ಮೇನಲ್ಲಿ ಲೋಕಸಭೆ, ಹೀಗೆ ಸಾಲಾಗಿ ಬಂದಾಗ ಅಲ್ಲಿಟ್ಟ ಕಾಲವೇ ಸಾಕಷ್ಟಾಗುತ್ತದೆ. ಕೊಡುವ ಹಿಂದಿನ ದಿನ ಪೂರ್ತಿ ಶುಚಿ ಮಾಡಿ, ತುಕ್ಕು ತಡೆಯುವ ದಪ್ಪ ಎಣ್ಣೆಯನ್ನು ಒಳಗೂ ಹೊರಗೂ ಹಚ್ಚಿ. ತುಕ್ಕು ನಿರೋಧಕ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಹಾಕಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ. ಸ್ಪಂಜಿನ ಪೆಟ್ಟಿಗೆ ಬೇಡ, ಸ್ಪಂಜು ತೇವ ಹೀರುತ್ತದೆ. ಸೀರಿಯಲ್ ನಂಬರ್ ಕಾಣುವಂತೆ ಫೋಟೊ ತೆಗೆದಿಡಿ. ರಸೀದಿಯಲ್ಲಿ ನಂಬರ್, ಮ್ಯಾಗಜೀನ್ ಎಷ್ಟು, ಗುಂಡು ಎಷ್ಟು ಎಂದು ಬರೆಸಿಕೊಳ್ಳಿ. ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಡಲು ಕಾನೂನಿನಲ್ಲಿ ಅವಕಾಶವಿದೆ, ಪೊಲೀಸ್ ಆದೇಶದಲ್ಲಿ ಹಾಗೆ ಹೇಳಿದ್ದರೆ ನೋಡಿ. ವಾಪಸು ಬಂದ ಮೇಲೆ ಬ್ಯಾರೆಲಿನಲ್ಲಿರುವ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ತೆಗೆಯದೆ ಹಾರಿಸಬೇಡಿ.

ರಿಕಾಯಿಲ್ ಸ್ಪ್ರಿಂಗ್ ಹೊಸದಿರುವಾಗ ಬಿಡಿಯಾಗಿ ಇಟ್ಟು ಉದ್ದ ಅಳೆದು ಬರೆದಿಡಿ. ಗಿಡ್ಡವಾಗುತ್ತ ಬಂದರೆ, ಖಾಲಿ ಕೇಸುಗಳು ಮೊದಲಿಗಿಂತ ದೂರ ಹಾರತೊಡಗಿದರೆ, ಫ್ರೇಮಿನ ಮೇಲೆ ಸ್ಲೈಡ್ ಬಡಿದ ಹೊಸ ಗುರುತು ಕಂಡರೆ ಸ್ಪ್ರಿಂಗ್ ಬದಲಿಸುವ ಕಾಲ. ಪೀಣ್ಯದಲ್ಲಿ ಎಂಥ ಸ್ಪ್ರಿಂಗ್ ಬೇಕಾದರೂ ಸುತ್ತಿಕೊಡುತ್ತಾರೆ ನಿಜ, ಆ ದಾರಿ ಹಿಡಿಯಬೇಡಿ. ಬ್ಲೋಬ್ಯಾಕಿನಲ್ಲಿ ಸ್ಪ್ರಿಂಗಿನ ಬಲ ಲೆಕ್ಕ ಹಾಕಿ ಇಟ್ಟದ್ದು. ಬಿಗಿಯಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ, ಸಡಿಲವಾದರೆ ಫ್ರೇಮನ್ನು ಬಡಿಯುತ್ತದೆ. ಇಳಿಜಾರನ್ನು ಅರದಿಂದ ಉಜ್ಜಿ ನುಣುಪು ಮಾಡಿಸುವುದೂ ಹಾಗೇ, ಒಮ್ಮೆ ತೆಗೆದ ಲೋಹ ಮತ್ತೆ ಬರುವುದಿಲ್ಲ. ಅಲ್ಲದೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆಯುಧದ ರಿಪೇರಿ ದಂಧೆಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ರಿಪೇರಿಯವರಿಗೆ ಕೊಡುವಾಗ ನಿಮ್ಮ ಪುಸ್ತಕದ ಪುಟವನ್ನೂ ಕೊಡಿ. "ಜಾಮ್ ಆಗುತ್ತೆ" ಎಂದರೆ ಅವರಿಗೆ ಏನೂ ತಿಳಿಯದು, "ಎರಡು ಚುಕ್ಕೆ ಮ್ಯಾಗಜೀನ್, ಆರನೇ ಗುಂಡು, ಮೂತಿ ಕೆಳಗೆ" ಎಂದರೆ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ.

ಕೊನೆಗೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಮೂರು ಆಯುಧವೆಂದಿದ್ದ ಮಿತಿಯನ್ನು ಎರಡಕ್ಕೆ ಇಳಿಸಿದ ಮೇಲೆ ಮನೆಗಳಲ್ಲಿ ಬಿದ್ದಿದ್ದ ಎಷ್ಟೋ ಹಳೆಯ ಪಿಸ್ತೂಲುಗಳು ಹೊರಬಂದವು. ಹೊರಗಿನ ಹೊಳಪು ನೋಡಬೇಡಿ, ಮತ್ತೆ ಬಣ್ಣ ಏರಿಸಿರಬಹುದು. ಮೂಲ ಮ್ಯಾಗಜೀನ್ ಇದೆಯೇ, ಎಷ್ಟಿದೆ ಎಂದು ಮೊದಲು ಕೇಳಿ. ಹಳೆಯ ವಿದೇಶಿ ಮಾದರಿಗೆ ಮ್ಯಾಗಜೀನ್ ಸಿಗುವುದು ಪಿಸ್ತೂಲು ಸಿಗುವುದಕ್ಕಿಂತ ಕಷ್ಟ, ಒಂದೇ ಇದ್ದು ಅದೂ ಬಾಗಿದ್ದರೆ ಬೆಲೆ ಎಷ್ಟೇ ಇಳಿದರೂ ನಾನಾದರೆ ಬೇಡ ಎನ್ನುತ್ತೇನೆ. ಸ್ಲೈಡಿನ ಮುಖದಲ್ಲಿ ಫೈರಿಂಗ್ ಪಿನ್ ರಂಧ್ರದ ಸುತ್ತ ಗುಳಿ ಬಿದ್ದಿದೆಯೇ, ಚೇಂಬರಿನ ಗೋಡೆಯಲ್ಲಿ ತುಕ್ಕಿನ ಕಲೆ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಮಾರುವವರ ಮುಂದೆಯೇ ಸ್ನ್ಯಾಪ್ ಕ್ಯಾಪ್ ಹಾಕಿ ಹತ್ತು ಸಲ ಎಳೆಯಿರಿ, ಒಪ್ಪದಿದ್ದರೆ ಎದ್ದು ಬನ್ನಿ. ಎಲ್ಲ ಸರಿ ಎನಿಸಿದರೆ ಫ್ರೇಮ್, ಸ್ಲೈಡ್, ಬ್ಯಾರೆಲ್ ಮೇಲೆ ಎಲ್ಲೆಲ್ಲಿ ನಂಬರ್ ಒತ್ತಿದ್ದಾರೋ ಅವನ್ನು ಮಾರುವವರ ಲೈಸೆನ್ಸಿನಲ್ಲಿರುವ ನಂಬರಿನೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ. ಒಂದು ಅಂಕಿ ವ್ಯತ್ಯಾಸ ಇದ್ದರೂ ಅದು ಲೈಸೆನ್ಸಿನಲ್ಲಿ ತಿದ್ದುಪಡಿಯಾಗಿ ಬರುವವರೆಗೆ ಮುಂಗಡ ಕೊಡಬೇಡಿ.